ಮೂರನೇ ಗೇರಿನ ಏರು

ಜನವರಿ 9, ಸೋಮವಾರ

ಬೆಳಿಗ್ಗೆ ಏಳಕ್ಕೆ ಹೊರಟು ಏಳೂ ನಲವತ್ತಕ್ಕೆ ಆಸ್ಪತ್ರೆ ಮುಟ್ಟಿದೆ. ನಾವು ಒಗೆದು ಮಡಚಿದ ಇನ್ನೂರ ಹತ್ತು ಹಾಸಿಗೆ ಬಟ್ಟೆ, ಅರವತ್ತು ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಂಟು ಗಂಟು. ಪಿಕಪ್ಪಿಗೆ ಇಪ್ಪತ್ತಾರು ವರ್ಷ ತುಂಬಿತು. ಆದರೂ ಆಸ್ಪತ್ರೆ ದಿಬ್ಬವನ್ನು ಮೂರನೇ ಗೇರಿನಲ್ಲೇ ಒಂದೇ ಉಸಿರಿಗೆ ಹತ್ತಿತು. ಸರ್ವಿಸ್ ರಸ್ತೆಯಲ್ಲಿ ನಿಂತು ಹೊಗೆ ಕಾರುವ ಹೊಸ ವ್ಯಾನುಗಳ ಮುಂದೆ ನಮ್ಮದೇ ವಾಸಿ.

ಸೋಮವಾರ ಬಟ್ಟೆಯ ಎಣಿಕೆ ಇರುವುದರಿಂದ ಇವಳೂ ಜೊತೆಗಿದ್ದಳು. ಎರಡನೇ ತಿರುವಿನಲ್ಲಿ ಕಾರಣವೇ ಇಲ್ಲದೆ ಕಿಟಾರನೆ ಕಿರುಚಿದಳು. "ನಿಲ್ಸಿ, ನಿಲ್ಸಿ" ಎಂದು ನನ್ನ ತೋಳು ಜಗ್ಗಿದಳು. ತುಂಬಿದ ಗಾಡಿಯನ್ನು ಏರಿನ ಮಧ್ಯೆ ಯಾರಾದರೂ ನಿಲ್ಲಿಸುತ್ತಾರೆಯೇ? ನಿಲ್ಲಿಸಲಿಲ್ಲ. ಗೇಟಿನಲ್ಲಿ ಇಳಿದವಳೇ ಎಣಿಕೆಯನ್ನೂ ಬಿಟ್ಟು ಬಂದ ದಾರಿಯಲ್ಲೇ ಕೆಳಗೆ ಓಡಿದಳು. ಗಂಟುಗಳನ್ನೆಲ್ಲ ನಾನೊಬ್ಬನೇ ಇಳಿಸಿದೆ. ಅರ್ಧ ಗಂಟೆ ಬಿಟ್ಟು ಬಂದಾಗ ಮುಖ ಬಿಳಿಚಿಕೊಂಡಿತ್ತು. ಏನಾಯಿತು ಎಂದರೆ "ಏನಿಲ್ಲ." ಮೂವತ್ತೊಂದು ವರ್ಷದ ಸಂಸಾರದಲ್ಲಿ ಇವಳ "ಏನಿಲ್ಲ" ಮಾತ್ರ ನನ್ನ ಕೈಗೆ ಸಿಕ್ಕಿಲ್ಲ.

ಹೊರಡುವಾಗ ನೋಡಿದರೆ ಎಡಗಡೆಯ ಕನ್ನಡಿ ಒಳಕ್ಕೆ ಮಡಚಿಕೊಂಡಿತ್ತು. ಆಸ್ಪತ್ರೆ ಅಂಗಳದಲ್ಲಿ ಯಾರೋ ಕೈಯಾಡಿಸಿದ್ದಾರೆ. ಕಾವಲುಗಾರನಿಗೆ ಚೆನ್ನಾಗಿ ಬೈದೆ.

ಈ ಪುಸ್ತಕ ಇಟ್ಟಿದ್ದು ಆಯಿಲ್ ಬದಲಿಸಿದ ದಿನ ಗುರುತು ಹಾಕಿಕೊಳ್ಳಲು. ಮನೆಯಲ್ಲಿ ಇವಳು, ಅಕ್ಕ, ಇಬ್ಬರು ಹೆಂಗಸರ ಮುಂದೆ ಬಾಯಿ ತೆರೆಯಲಾಗದೆ ಉಳಿದದ್ದೂ ಇಲ್ಲೇ ಬಂದು ಬೀಳುತ್ತಿದೆ.

ಜನವರಿ 11, ಬುಧವಾರ

ಗಾಡಿಗೆ ಏನೋ ಆಗಿದೆ.

ನಿನ್ನೆ ಮೆಕ್ಯಾನಿಕ್ಕನ ಹತ್ತಿರ ಗ್ರೀಸ್ ಹೊಡೆಸಲು ಬಿಟ್ಟಿದ್ದೆ. ಇವನನ್ನು ಹೆತ್ತವರು ಏನೆಂದು ಕರೆದರೋ, ನಮಗೆಲ್ಲ ಗ್ರೀಸಪ್ಪ. ಸಂಜೆ ತಂದು ನಿಲ್ಲಿಸಿದ್ದ. ಇವತ್ತು ಸಮತಟ್ಟು ರಸ್ತೆಯಲ್ಲಿ ಪರವಾಗಿಲ್ಲ ಎನ್ನುವಂತೆ ಓಡಿತು. ದಿಬ್ಬ ಶುರುವಾದದ್ದೇ ತಡ, ಮೂರನೇ ಗೇರಿನಲ್ಲಿ ಉಸಿರು ಬಿಟ್ಟಿತು. ಎರಡಕ್ಕೆ ಇಳಿಸಿದೆ. ಕೊನೆಯ ತಿರುವಿನಲ್ಲಿ ಒಂದಕ್ಕೆ. ಇಪ್ಪತ್ತೆರಡು ವರ್ಷದಲ್ಲಿ ಆ ತಿರುವಿನಲ್ಲಿ ಒಂದನೇ ಗೇರು ಹಾಕಿದ್ದು ಇದೇ ಮೊದಲು. ಹಿಂದಿನಿಂದ ಆಂಬುಲೆನ್ಸ್ ಹಾರನ್ ಹೊಡೆಯುತ್ತಿತ್ತು, ನನ್ನ ಕಿವಿ ಬಿಸಿಯಾಯಿತು.

ಏಳೂ ಐವತ್ತೈದಕ್ಕೆ ಮುಟ್ಟಿದೆ. ಎಂಟಕ್ಕೆ ಆಪರೇಷನ್ ಕೋಣೆಗೆ ಹಸಿರು ಬಟ್ಟೆ ಹೋಗಬೇಕು. ಸ್ಟೋರ್‌ಕೀಪರ್ ಗೋಡೆಯ ಗಡಿಯಾರ ನೋಡಿ, ನನ್ನನ್ನು ನೋಡಿ, ಮತ್ತೆ ಗಡಿಯಾರ ನೋಡಿದ.

ಇವಳು ಕ್ಯಾಬಿನ್ನಿಗೆ ಹೊಸ ರಬ್ಬರ್ ಚಾಪೆ ಹಾಸಿದ್ದಾಳೆ, ದಪ್ಪದ್ದು. ಗಾಡಿಯ ಒಳಗೆ ಇವಳ ಕೈಯ ಶೃಂಗಾರ ಇದೇ ಮೊದಲು. ಚಾಪೆ ಹಾಕಿದ ಮಾತ್ರಕ್ಕೆ ಗಾಡಿ ದಿಬ್ಬ ಹತ್ತುವುದಿಲ್ಲ, ಎಂಜಿನ್ ನೋಡಬೇಕು.

ಜನವರಿ 14, ಶನಿವಾರ

ಗಾಳಿಯ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದೆ. ಬೆಳಕು ಚೆನ್ನಾಗಿ ಹಾಯುತ್ತದೆ. ಆದರೂ ಹೊಸದು ಹಾಕಿದೆ. ಡೀಸೆಲ್ ಫಿಲ್ಟರ್ ಹೊಸದು. ತಳದ ನೀರು ಬಸಿದೆ, ಒಂದು ಚಮಚವೂ ಇರಲಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿ ತೂತಿಗೆ ಸೂಜಿ ಹಾಕಿದೆ. ದಿಬ್ಬದಲ್ಲಿ ಮತ್ತೆ ಅದೇ ಕಥೆ.

ಗ್ರೀಸಪ್ಪನ ಶೆಡ್ಡಿಗೆ ಹೋದೆ. ಸಾಮಾನ್ಯವಾಗಿ ಗಾಡಿ ಎಂದರೆ ಊಟ ಬಿಟ್ಟು ಬರುವವನು ಬಾನೆಟ್ ಎತ್ತಲೂ ಇಲ್ಲ.

"ವಯಸ್ಸಾಯ್ತು ಅದಕ್ಕೆ. ನಿಧಾನಕ್ಕೆ ಹೋಗ್ಲಿ ಬಿಡಿ."

"ಮೊನ್ನೆ ಸೋಮವಾರ ಇಲ್ಲದ ವಯಸ್ಸು ಬುಧವಾರ ಬಂತೇನೋ?"

"ಬರುತ್ತೆ ಒಂದೊಂದ್ಸಲ" ಎಂದು ತಲೆ ಕೆರೆದುಕೊಂಡ. ನನ್ನ ಮುಖ ನೋಡದೆ ಯಾವುದೋ ಚಕ್ರವನ್ನು ಒರೆಸಿದ್ದೇ ಒರೆಸಿದ್ದು. ಕೆಲಸ ಮರೆತಿದ್ದಾನೆ, ಒಪ್ಪಿಕೊಳ್ಳಲು ನಾಚಿಕೆ. ಪಾಪ ಎನಿಸಿತು, ಸಿಟ್ಟೂ ಬಂತು.

ಬರುವಾಗ ಒಬ್ಬ ಸೈಕಲ್ಲಿನವನು ಎಡಗಡೆಯಿಂದ ಧುತ್ತೆಂದು ಎದ್ದು ಬಂದು, ನನಗೇ ಬಾಯಿಗೆ ಬಂದಂತೆ ಬೈದು ಹೋದ. ಜನಕ್ಕೆ ರಸ್ತೆಯ ಮರ್ಯಾದೆ ಹೋಗಿಬಿಟ್ಟಿದೆ.

ಜನವರಿ 17, ಮಂಗಳವಾರ

ಮಧ್ಯಾಹ್ನ ಮಲಗಲಾಗಲಿಲ್ಲ. ಎದ್ದು ಬಾನೆಟ್ ಎತ್ತುವುದು, ಇಳಿಸುವುದು. ವಾಷಿಂಗ್ ಮಷೀನು ತಿರುಗುವ ಸದ್ದು ಕೇಳಿದರೂ ತಲೆ ಕೆಡುತ್ತಿದೆ.

ಕ್ಲಚ್ ಪರೀಕ್ಷೆ ಮಾಡಿದೆ. ಹ್ಯಾಂಡ್ ಬ್ರೇಕ್ ಎಳೆದು, ಮೇಲಿನ ಗೇರು ಹಾಕಿ, ಕಾಲು ಬಿಟ್ಟೆ. ಎಂಜಿನ್ ತಟ್ಟನೆ ಸತ್ತಿತು. ಅಂದರೆ ಕ್ಲಚ್ ಜಾರುತ್ತಿಲ್ಲ. ನಾಲ್ಕೂ ಚಕ್ರಗಳ ನಡುವೆ ಕೈಯಿಟ್ಟೆ, ಬಿಸಿಯಿಲ್ಲ. ಅಂದರೆ ಬ್ರೇಕ್ ಕಚ್ಚಿಕೊಂಡಿಲ್ಲ. ಸೈಲೆನ್ಸರ್ ಬಾಯಿಗೆ ಅಂಗೈ ಒಡ್ಡಿದೆ, ಹೊಗೆ ಧಾರಾಳವಾಗಿ ಬರುತ್ತಿದೆ.

ಹೊಗೆಯದ್ದೇ ವಿಚಿತ್ರ. ಏರಿನಲ್ಲಿ ಒತ್ತಿದಾಗ ಹಳೆಯ ಡೀಸೆಲ್ ಗಾಡಿ ಕಪ್ಪು ಹೊಗೆ ಬಿಡಬೇಕು. ನಮ್ಮದು ಬಿಡುತ್ತಿಲ್ಲ. ಎಂಜಿನ್ನಿಗೆ ಕಾಯಿಲೆಯಿಲ್ಲ, ಡೀಸೆಲ್ ಸಾಲುತ್ತಿಲ್ಲ. ಎಲ್ಲೋ ಯಾರೋ ಕುತ್ತಿಗೆ ಹಿಸುಕುತ್ತಿದ್ದಾರೆ. ಅದು ಎಲ್ಲಿ?

ಯೋಚನೆಯಲ್ಲಿದ್ದಾಗ ಅಕ್ಕನ ಮೇಲೆ ರೇಗಿದೆ. ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು, ಇಸ್ತ್ರಿ ಮೇಜು ಅವಳ ರಾಜ್ಯ.

"ಕಾಫಿ ಕೇಳಿ ಎಷ್ಟೊತ್ತಾಯ್ತು?"

"ಕೊಟ್ಟು ಎಷ್ಟೊತ್ತಾಯ್ತು ಅಂತ ಕೇಳು. ಎಡಗೈ ಹತ್ರ ಇದೆ, ತಣ್ಣಗಾಗಿ."

ಸದ್ದಿಲ್ಲದೆ ತಂದಿಟ್ಟು ಹೋಗುವುದು, ಆಮೇಲೆ ನನ್ನದೇ ತಪ್ಪು ಎನ್ನುವುದು. ಇವಳೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಮನೆಯಲ್ಲಿ ಇತ್ತೀಚೆಗೆ ಮುಖ ನೋಡಿಕೊಳ್ಳುವ ಕೆಲಸ ಹೆಚ್ಚಾಗಿದೆ.

ಜನವರಿ 20, ಶುಕ್ರವಾರ

ಲೇಟು. ಎಂಟೂ ಹನ್ನೆರಡು.

ಜನವರಿ 23, ಸೋಮವಾರ

ಮತ್ತೆ ಲೇಟು. ಎಂಟೂ ಐದು. ಹೊರಡುವುದು ಆರೂ ಮುಕ್ಕಾಲಿಗೆ ಎಂದು ನಿಶ್ಚಯಿಸಿದ್ದೆವು, ಬಟ್ಟೆ ಒಣಗಿರಲಿಲ್ಲ.

ಸ್ಟೋರ್‌ಕೀಪರ್ ಕುರ್ಚಿ ತೋರಿಸಿ ಕೂರಿಸಿದ. ಕೂರಿಸಿದಾಗಲೇ ನನಗೆ ವಾಸನೆ ಹತ್ತಿತು.

"ನಿಮ್ಮ ಬಟ್ಟೆ ಬಗ್ಗೆ ಒಂದು ಮಾತಿಲ್ಲ. ಆದ್ರೆ ಡಾಕ್ಟ್ರು ಕೈ ತೊಳ್ಕೊಂಡು ನಿಂತಿರ್ತಾರೆ, ಹಸಿರು ಬಟ್ಟೆ ದಿಬ್ಬದಲ್ಲಿ ಇರುತ್ತೆ. ಇನ್ನೊಂದ್ಸಲ ಹೀಗಾದ್ರೆ ನಾನು ಹೊಸ ವ್ಯಾನು ಇಟ್ಕೊಂಡಿರೋ ಆ ಲಾಂಡ್ರಿ ಕಂಪನಿಯವರಿಗೆ ಹೇಳ್ಬೇಕಾಗುತ್ತೆ."

ಇಪ್ಪತ್ತೆರಡು ವರ್ಷ. ಈ ಆಸ್ಪತ್ರೆಯಲ್ಲಿ ಹುಟ್ಟಿದವರು, ಸತ್ತವರು, ಎಲ್ಲರೂ ನಮ್ಮ ಮನೆಯಲ್ಲಿ ಒಗೆದ ಬಟ್ಟೆಯ ಮೇಲೆ. ಆ ಕೆಲಸ ಹೋದರೆ ಇಬ್ಬರು ಹೆಂಗಸರನ್ನೂ ನಾಲ್ಕು ಮಷೀನನ್ನೂ ಇಟ್ಟುಕೊಂಡು ನಾನು ಏನು ಮಾಡಲಿ? ಎದೆಯಲ್ಲಿ ಭಯ ಕೂತಿದೆ. ಬರೆದರೆ ಹೋಗಬಹುದು ಎಂದುಕೊಂಡೆ, ಹೋಗಲಿಲ್ಲ.

ಇವಳಿಗೆ ಹೇಳಿದೆ. "ಹೋದ್ರೆ ಹೋಗ್ಲಿ" ಎಂದಳು. ಬಟ್ಟೆ ಹಿಂಡುತ್ತಲೇ ಎಂದಳು, ನನ್ನ ಕಡೆ ತಿರುಗದೆ. ಹೆಂಗಸರಿಗೆ ಗಾಡಿಯ ಕಷ್ಟವೂ ತಿಳಿಯುವುದಿಲ್ಲ, ಸಂಪಾದನೆಯ ಕಷ್ಟವೂ ತಿಳಿಯುವುದಿಲ್ಲ.

ಜನವರಿ 25, ಬುಧವಾರ

ಆರೂಕಾಲಿಗೇ ಹೊರಟೆ, ಬಚಾವಾದೆ. ಮನೆಗೆ ಬಂದು ಟ್ಯಾಂಕಿನಿಂದ ಪಂಪಿನವರೆಗಿನ ಪೈಪನ್ನು ಗೇಣು ಗೇಣಾಗಿ ಹಿಡಿದು ನೋಡಿದೆ. ಬಿರುಕಿಲ್ಲ. ಗಾಳಿ ಎಳೆಯುತ್ತಿದೆಯೇ ಎಂದು ನಡುವೆ ಪಾರದರ್ಶಕ ಕೊಳವೆ ಹಾಕಿದೆ. ಒಂದು ಗುಳ್ಳೆ ಇಲ್ಲ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇನ್‌ಜೆಕ್ಟರ್ ನಾಲ್ಕನ್ನೂ ಬಿಚ್ಚಿ ಪಕ್ಕದ ರಸ್ತೆಯ ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿದೆ. "ಇನ್ನೂ ಹತ್ತು ವರ್ಷ ಬರ್ತವೆ, ಸುಮ್ನೆ ಯಾಕೆ ಬಿಚ್ಚಿದ್ರಿ?" ಎಂದ ಅಂಗಡಿಯವನು.

ಎಲ್ಲವೂ ಸರಿ ಇದೆಯಂತೆ. ಎಲ್ಲವೂ ಸರಿ ಇದ್ದರೆ ಗಾಡಿ ಹತ್ತಬೇಕಲ್ಲ! ಸ್ಪ್ಯಾನರನ್ನು ಗೋಡೆಗೆ ಎಸೆದೆ. ಅಕ್ಕ ಇಸ್ತ್ರಿ ನಿಲ್ಲಿಸಿ, "ಗೋಡೆ ಏನ್ ಮಾಡಿತ್ತೋ?" ಎಂದಳು.

ರಿವರ್ಸ್ ತೆಗೆಯುವಾಗ ಹಿಂದಿನ ಎಡ ಮೂಲೆ ನೀರಿನ ತೊಟ್ಟಿಗೆ ತಗುಲಿತು. ತೊಟ್ಟಿ ಯಾವಾಗ ಇಷ್ಟು ಮುಂದೆ ಬಂತೋ. ಮನಸ್ಸು ಸ್ಥಿಮಿತದಲ್ಲಿಲ್ಲ, ಅದಕ್ಕೇ.

ಜನವರಿ 28, ಶನಿವಾರ

ಸಿಕ್ಕಿತು. ಆದದ್ದನ್ನು ಆದಂತೆ ಬರೆಯುತ್ತೇನೆ.

ಮಧ್ಯಾಹ್ನ ಕೊನೆಗೆ ಡೀಸೆಲ್ ಪಂಪಿಗೆ ಬಂದೆ. ಪಂಪಿನ ಮೇಲೆ ಒಂದು ಸಣ್ಣ ತೋಳಿದೆ. ಕಾಲಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ತಂತಿ ಆ ತೋಳನ್ನು ಎಳೆಯುತ್ತದೆ, ಪೂರ್ತಿ ಒತ್ತಿದರೆ ತೋಳು ಹೋಗಿ ಅಡ್ಡ ನಿಂತ ಒಂದು ಸ್ಕ್ರೂವಿಗೆ ತಾಗಬೇಕು. ಕಲಿಯುವವನೂ ಮೊದಲು ನೋಡುವ ಜಾಗ. ನಾನು ನೋಡಿರಲಿಲ್ಲ. ಒತ್ತುತ್ತಿದ್ದದ್ದು ನನ್ನ ಕಾಲು, ನನ್ನ ಕಾಲಿನ ಮೇಲೆ ನಾನೇ ಅನುಮಾನ ಪಡುವುದು ಹೇಗೆ?

ಒಬ್ಬನೇ ಎರಡೂ ಕಡೆ ಇರಲಾಗದು. ಇವಳನ್ನು ಕರೆದು ಸೀಟಿನಲ್ಲಿ ಕೂರಿಸಿದೆ. ಬರಲು ಹಿಂದೆ ಮುಂದೆ ನೋಡಿದಳು, ಕೈ ಒರೆಸಿಕೊಳ್ಳಲು ಇಷ್ಟು ಹೊತ್ತು ತೆಗೆದುಕೊಂಡಳು. ನಾನು ಬಾನೆಟ್ಟಿನ ಕೆಳಗೆ ಬಗ್ಗಿದೆ.

"ಒತ್ತು."

ತೋಳು ಸರಿಯಿತು. ಸ್ಕ್ರೂವಿಗೆ ಇನ್ನೂ ಒಂದು ಬೆರಳು ಇರುವಂತೆಯೇ ನಿಂತಿತು.

"ಪೂರ್ತಿ ಒತ್ತು."

"ಪೂರ್ತಿ ಒತ್ತಿದೀನಿ."

"ಸುಳ್ಳು ಹೇಳ್ಬೇಡ. ಇನ್ನೂ ಒತ್ತು!"

"ಇದಕ್ಕಿಂತ ಹೋಗಲ್ಲ ರೀ ಅದು." ಧ್ವನಿ ಒಡೆದಿತ್ತು. "ಹೋಗದ ಹಾಗೆ ನಾನೇ ಮಾಡ್ಸಿದೀನಿ."

ಬಂದು ಚಾಪೆ ಎತ್ತಿದೆ. ಪೆಡಲಿನ ಕೆಳಗೆ ನೆಲದಿಂದ ಮೇಲಕ್ಕೆ ಒಂದು ಬೋಲ್ಟು ನಿಂತಿತ್ತು. ತಲೆಗೆ ರಬ್ಬರ್ ಸುತ್ತಿ, ಕೆಳಗೆ ನಟ್ಟು ಬಿಗಿದ ಅಚ್ಚುಕಟ್ಟು ಕೆಲಸ. ಗ್ರೀಸಪ್ಪನ ಕೈ ನನಗೆ ಗೊತ್ತಾಗುವುದಿಲ್ಲವೇ? ಪೆಡಲ್ ಬಂದು ಅದಕ್ಕೆ ಕೂರುತ್ತಿತ್ತು, ನಾನು ನೆಲ ಮುಟ್ಟಿತು ಎಂದುಕೊಳ್ಳುತ್ತಿದ್ದೆ.

ನಾನು ಕೂಗಾಡಿದೆ. ಹದಿನೆಂಟು ದಿನ! ಎರಡು ಸಲ ಲೇಟು! ಕೆಲಸ ಹೋಗುವುದರಲ್ಲಿತ್ತು! ಅವಳು ಸೀಟಿನಿಂದ ಇಳಿಯಲೇ ಇಲ್ಲ, ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದಳು.

"ಆವತ್ತು ಎರಡನೇ ತಿರುವಲ್ಲಿ ಆಸ್ಪತ್ರೆ ನರ್ಸು ನಡ್ಕೊಂಡು ಇಳೀತಾ ಇದ್ಲು. ಕೊಡೆ ಹಿಡ್ಕೊಂಡು. ನಮ್ಮ ಕನ್ನಡಿ ಅವಳ ಕೈಗೆ ಹೊಡೀತು. ಕೊಡೆ ಹಾರ್ಕೊಂಡು ಹಳ್ಳಕ್ಕೆ ಬಿತ್ತು. ನೀವು ಏನೋ ಗುನುಗ್ತಾ ಇದ್ರಿ. ನೋಡ್ಲೇ ಇಲ್ಲ ನೀವು. ನಾನು ಕಿರುಚಿದ ಮೇಲೂ ನೋಡ್ಲಿಲ್ಲ."

"ನನ್ನ ಕಣ್ಣಿಗೇನಾಗಿದೆ? ಗೇಟಿನ ಬೋರ್ಡಿನ ಕೊನೇ ಸಾಲು ಇಲ್ಲಿಂದ ಓದ್ತೀನಿ."

"ಮುಂದಿರೋದೆಲ್ಲ ಓದ್ತೀರಿ. ಪಕ್ಕದಲ್ಲಿ ಇರೋರು ಕಾಣಲ್ಲ ನಿಮಗೆ. ಹೇಳಿದ್ರೆ ಕೇಳೋ ಪೈಕಿನಾ ನೀವು? ನಿಲ್ಸೋಕಂತೂ ಆಗಲ್ಲ. ನಿಧಾನ ಆದ್ರೂ ಮಾಡೋಣ, ಜನ ಪಕ್ಕಕ್ಕೆ ಹಾರಿಕೊಳ್ಳೋಕೆ ಒಂದು ಗಳಿಗೆ ಸಿಗ್ಲಿ ಅಂತ ಮಾಡಿದೆ."

ಹನ್ನೆರಡನೇ ನಂಬರಿನ ಸ್ಪ್ಯಾನರ್ ತಂದೆ. ಬಗ್ಗಿದೆ. ಬೋಲ್ಟು ಬಿಚ್ಚಲು ಎರಡು ನಿಮಿಷದ ಕೆಲಸ. ಅವಳು ಪೆಡಲಿನಿಂದ ಕಾಲು ತೆಗೆಯಲಿಲ್ಲ. "ಬಿಚ್ಚಿ" ಎಂದಳು, "ಆದ್ರೆ ಮೊದ್ಲು ಆ ಹುಡುಗೀನ ಹೋಗಿ ನೋಡ್ಬನ್ನಿ." ಸ್ಪ್ಯಾನರ್ ಎಸೆದು ಒಳಗೆ ಬಂದೆ.

ಜನವರಿ 30, ಸೋಮವಾರ

ಇವತ್ತು ಗಾಡಿ ಓಡಿಸಿದ್ದು ಗ್ರೀಸಪ್ಪ. ಅವನ ಜೊತೆ ಮಾತಾಡಲಿಲ್ಲ. ಐದೂಮುಕ್ಕಾಲಿಗೇ ಹೊರಟಿದ್ದೆವು.

ಗಂಟು ಇಳಿಸಿ, ಆ ನರ್ಸಿಗೆ ಹೇಳಿ ಕಳುಹಿಸಿ, ಲಿಫ್ಟಿನ ಬಳಿ ಕಾದೆ. ಬಹಳ ಹೊತ್ತು ಯಾರೂ ಬರಲಿಲ್ಲ. ಸಾಕೆಂದು ಹೊರಟಾಗ ಎಡಗಡೆಯಿಂದ ಧ್ವನಿ ಬಂತು.

"ನನ್ನೇ ಕರೆದಿದ್ದಾ? ಆಗ್ಲಿಂದ ಇಲ್ಲೇ ನಿಂತಿದೀನಿ, ಮಾತಾಡ್ಲೇ ಇಲ್ವಲ್ಲ ನೀವು."

ತಿರುಗಿದರೆ ಒಂದು ತೋಳಿನ ದೂರದಲ್ಲೇ ಇದ್ದಾಳೆ. ಮಣಿಕಟ್ಟಿಗೆ ಇನ್ನೂ ಪಟ್ಟಿ. ತಪ್ಪಾಯಿತಮ್ಮ ಎಂದೆ. ಅವಳು ನನ್ನ ಮುಖವನ್ನು ವಿಚಿತ್ರವಾಗಿ ನೋಡಿದಳು. ನನ್ನ ಎಡ ಪಕ್ಕದಲ್ಲಿ ತನ್ನ ಕೈ ಎತ್ತಿ ಬೆರಳು ಆಡಿಸಿ, "ಕಾಣುತ್ತಾ?" ಎಂದಳು. ಏನು ಕಾಣಬೇಕು ಎಂದು ಕೇಳಿದೆ. ಅಲ್ಲಿಂದಲೇ ಕೈ ಹಿಡಿದು ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋಗಿ ಗುರುವಾರಕ್ಕೆ ಹೆಸರು ಬರೆಸಿದಳು. ಕೈ ನೋವಿದ್ದವಳು ಅವಳು, ಹಿಡಿದು ನಡೆಸಿದ್ದು ನನ್ನನ್ನು.

ಫೆಬ್ರವರಿ 2, ಗುರುವಾರ

ಪರೀಕ್ಷೆ ಮುಗಿಯಿತು. ಬೋಗುಣಿಯಂಥ ಬಿಳಿ ಯಂತ್ರದೊಳಗೆ ಮುಖವಿಟ್ಟು, ನಡುವಿನ ಚುಕ್ಕಿ ನೋಡುತ್ತ, ಅಕ್ಕಪಕ್ಕ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಒಂದು ಸಲಕ್ಕೆ ಒಂದು ಕಣ್ಣು. ಬಲಗಣ್ಣಿನಲ್ಲಿ ಬಿಡುವಿಲ್ಲದೆ ಒತ್ತಿದೆ. ಎಡಗಣ್ಣಿನ ಸರದಿಯಲ್ಲಿ ಯಂತ್ರ ಸೋಮಾರಿಯಾಗಿತ್ತು, ಅಪರೂಪಕ್ಕೊಮ್ಮೆ ಬೆಳಕು ಹಾಕುತ್ತಿತ್ತು. ಎರಡರಲ್ಲೂ ಒಂದನ್ನೂ ಬಿಡಲಿಲ್ಲ. ನಾಳೆ ಚಿತ್ರ ಕೊಡುತ್ತಾರೆ. ತಂದು ಇವಳ ಮುಂದೆ ಹಿಡಿಯುತ್ತೇನೆ, ಗ್ರೀಸಪ್ಪನ ಮುಂದೂ ಹಿಡಿಯುತ್ತೇನೆ.

ಫೆಬ್ರವರಿ 3, ಶುಕ್ರವಾರ

"ಎಡಗಣ್ಣಿಗೆ ಐವತ್ನಾಲ್ಕು ಕಡೆ ಬೆಳಕು ಹಾಕಿದ್ವಿ. ನೀವು ಒತ್ತಿದ್ದು ಹದಿಮೂರಕ್ಕೆ" ಎಂದರು ಕಣ್ಣಿನ ಡಾಕ್ಟರು.

ಚಿತ್ರದಲ್ಲಿ ಬಹುಪಾಲು ಕಪ್ಪು. ಕಣ್ಣಿನ ಒಳಗೆ ಒತ್ತಡ ಏರಿ ನರ ಸತ್ತಿದೆಯಂತೆ, ಸತ್ತದ್ದು ಮರಳುವುದಿಲ್ಲವಂತೆ. ಬಲಗಣ್ಣಿಗೂ ಅಂಚಿನಲ್ಲಿ ಶುರುವಾಗಿದೆ. ದಿನಾ ಎರಡು ಸಲ ಹನಿ ಹಾಕಿದರೆ ಉಳಿದದ್ದು ಉಳಿಯುತ್ತದೆ. ನನಗೆ ಕತ್ತಲೆ ಕಾಣಬೇಕಿತ್ತಲ್ಲ ಎಂದು ಕೇಳಿದೆ. ಕಾಣದ್ದು ಕಪ್ಪಾಗಿ ಕಾಣುವುದಿಲ್ಲ, ಇಲ್ಲವೇ ಇಲ್ಲ ಎಂಬಂತೆ ಇರುತ್ತದೆ ಎಂದರು ಡಾಕ್ಟರು. ಗಾಡಿ ಬಗ್ಗೆ ನಾನು ಕೇಳಲಿಲ್ಲ. ಅವರೇ ಹೇಳಿದರು, ಇನ್ನು ಓಡಿಸಬೇಡಿ ಎಂದು.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಆ ಸೈಕಲ್ಲಿನವನು. ಇನ್ನೂ ಎಷ್ಟು ಜನ ಹಾರಿಕೊಂಡರೋ, ನನಗೆ ಗೊತ್ತೇ ಆಗಲಿಲ್ಲ. ಮನೆಗೆ ಬಂದು ಒಗೆಯುವ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಮಷೀನು ಹಾಕಿದ್ದರಿಂದ ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಫೆಬ್ರವರಿ 19, ಭಾನುವಾರ

ಏನೂ ಬರೆಯುವಂಥದ್ದಿಲ್ಲ. ಹನಿ ಕಣ್ಣಿಗೆ ಉರಿ. ಇವಳೇ ಹಾಕುತ್ತಾಳೆ, ನಾನು ಹಾಕಿಕೊಂಡರೆ ಕೆನ್ನೆಗೆ ಬೀಳುತ್ತದೆ.

ಗ್ರೀಸಪ್ಪ ತನ್ನ ಶೆಡ್ಡು ಬಿಟ್ಟು ದಿನಾ ಬೆಳಿಗ್ಗೆ ಓಡಿಸುತ್ತಿದ್ದಾನೆ. ಎಷ್ಟು ದಿನ ಎಂದು ಅವನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಊಟದ ಹೊತ್ತಿಗೆ ಇವಳು, "ನಾನು ಕಲೀತೀನಿ" ಎಂದಳು. ಅಕ್ಕನ ಕೈಯ ತುತ್ತು ನಿಂತಿತು. ಐವತ್ತಾರನೇ ವಯಸ್ಸಿನಲ್ಲಿ! ನಗು ಬಂತು. ಇವಳಿಗೆ ಬರಲಿಲ್ಲ.

ಮಾರ್ಚ್ 8, ಬುಧವಾರ

ಖಾಲಿ ಮೈದಾನದಲ್ಲಿ ಪಾಠ. ಕ್ಲಚ್ಚನ್ನು ತಟ್ಟನೆ ಬಿಡುತ್ತಾಳೆ, ಗಾಡಿ ಕುಪ್ಪಳಿಸಿ ಸಾಯುತ್ತದೆ. ಹನ್ನೊಂದು ಸಲ ಸತ್ತಿತು. ಹನ್ನೆರಡನೇ ಸಲ ಚಲಿಸಿತು. ಗ್ರೀಸಪ್ಪ ದೂರದಲ್ಲಿ ಶಿಳ್ಳೆ ಹೊಡೆದ. ಅವನ ಜೊತೆ ಮಾತು ಶುರುವಾಗಿದೆ, ಯಾವಾಗ ಎಂದು ಗುರುತಿಟ್ಟಿಲ್ಲ.

ಕ್ಲಚ್ ಹಿಡಿಯುವ ಜಾಗ ಕಿವಿಗೆ ಕೇಳುತ್ತದೆ, ಎಂಜಿನ್ನಿನ ಧ್ವನಿ ತಗ್ಗಿದಾಗ ಕಾಲು ಅಲ್ಲೇ ನಿಲ್ಲಿಸು ಎಂದು ಹೇಳಿಕೊಟ್ಟೆ. ಮಷೀನು ಬಟ್ಟೆ ಎತ್ತುವಾಗ ತಗ್ಗುತ್ತಲ್ಲ ಹಾಗೇನಾ ಎಂದಳು. ಹಾಗೇ ಎಂದೆ. ಆಮೇಲೆ ಒಂದು ಸಲವೂ ಸಾಯಲಿಲ್ಲ.

ಏಪ್ರಿಲ್ 24, ಸೋಮವಾರ

ಲೈಸೆನ್ಸ್ ಬಂದ ಮೇಲೆ ಮೊದಲ ಸಲ ತುಂಬಿದ ಗಾಡಿ. ಇವಳು ಓಡಿಸಿದಳು, ನಾನು ಎಡಗಡೆಯ ಸೀಟಿನಲ್ಲಿ. ಪ್ರತಿ ತಿರುವಿಗೂ ಕತ್ತನ್ನು ಪೂರ್ತಿ ಹೊರಳಿಸಿ ನೋಡುತ್ತಾಳೆ, ಎಡಕ್ಕೂ ಬಲಕ್ಕೂ. ಯಾರೂ ಹೇಳಿಕೊಟ್ಟದ್ದಲ್ಲ.

ದಿಬ್ಬದಲ್ಲಿ ಮೂರನೇ ಗೇರು ಸತ್ತಿತು. ಎರಡೂ ಸಾಯಲು ಬಂತು. ಹಿಂದೆ ನಾಲ್ಕು ಗಾಡಿ ಸೇರಿ ಹಾರನ್ ಹೊಡೆದವು. ಇವಳ ಹಣೆಯ ಮೇಲೆಲ್ಲ ಬೆವರು.

"ಒತ್ತು" ಎಂದೆ.

"ಪೂರ್ತಿ ಒತ್ತಿದೀನಿ ರೀ! ನನ್ನ ಕೈಲಿ ಆಗಲ್ವೇನೋ ಇದು. ಗ್ರೀಸಪ್ಪನಿಗೇ ಹೇಳ್ಬಿಡೋಣ."

ಆಗ ಹೊಳೆಯಿತು. ಅವಳಿಗೆ ಏನೂ ಹೇಳಲಿಲ್ಲ. ಒಂದಕ್ಕೆ ಹಾಕು, ಹಾರನ್ ಹೊಡೆಯುವವರು ಹೊಡೆಯಲಿ, ಗಂಟು ನಮ್ಮದು ಎಂದೆ. ಎಂಟಕ್ಕೆ ಎರಡು ನಿಮಿಷ ಇರುವಾಗ ಮುಟ್ಟಿದೆವು.

ಮಧ್ಯಾಹ್ನ ಅವಳು ಮಲಗಿದ್ದಾಗ ಹನ್ನೆರಡರ ಸ್ಪ್ಯಾನರ್ ತೆಗೆದುಕೊಂಡು ಹೋಗಿ ಕ್ಯಾಬಿನ್ನಿನ ನೆಲದಲ್ಲಿ ಅಡ್ಡಡ್ಡ ಮಲಗಿದೆ. ನಟ್ಟು ತುಕ್ಕು ಹಿಡಿದಿತ್ತು. ಕಾಣದಿದ್ದ ಕಡೆ ಬೆರಳಿನಲ್ಲಿ ತಡವಿದೆ. ಎರಡು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಗೆಣ್ಣು ಸುಲಿಯಿತು. ಬೋಲ್ಟು ಕೈಗೆ ಬಂತು.

ಸದ್ದಿಗೆ ಎದ್ದು ಬಂದಿದ್ದಾಳೆ. ಬಾಗಿಲಲ್ಲಿ ನಿಂತು ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು. ಮುಖದ ಬಣ್ಣ ಇಳಿಯಿತು.

"ಯಾಕೆ ಬಿಚ್ಚಿದ್ರಿ?" ಎಂದು ಕೇಳಿದಳು, ಮೆಲ್ಲಗೆ.

"ಏರಿಗೆ ಸಾಲಲ್ಲ ನಿನಗೆ" ಎಂದೆ.

ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ದಾಟಿ ಸೀಟಿಗೆ ಹತ್ತಿದಳು. ನಾನು ಬಾನೆಟ್ ಎತ್ತಿ ಬಗ್ಗಿದೆ. ಹೇಳುವುದಕ್ಕೆ ಮೊದಲೇ ಒತ್ತಿದಳು. ತೋಳು ಹೋಗಿ ಸ್ಕ್ರೂವಿಗೆ ಟಕ್ಕೆಂದು ತಾಗಿತು.